ಮಳೆಗಾಲದಲ್ಲಿ ಕೊಡಗಿಗೆ ಕಾರು ಒಯ್ಯುವವರು ಮೊದಲು ಅರ್ತ್ ವೈರ್ ನೋಡಿ

ಘಾಟಿ ಹತ್ತುವ ಮುಂಚೆ ಟೈರು, ಬ್ರೇಕು ಎಲ್ಲರೂ ನೋಡುತ್ತಾರೆ, ಬ್ಯಾಟರಿಯ ನೆಗೆಟಿವ್, ಬಾಡಿ, ಎಂಜಿನ್ ಇವನ್ನು ಜೋಡಿಸುವ ಅರ್ತ್ ವೈರ್ ಯಾರಿಗೂ ನೆನಪಾಗುವುದಿಲ್ಲ. ಭಾಗಮಂಡಲದಿಂದ ತಲಕಾವೇರಿಗೆ 8 ಕಿಲೋಮೀಟರ್ ಅಷ್ಟೇ. ಮಂಜು ಇಳಿದರೆ ಹಗಲಲ್ಲೇ ಹೆಡ್‌ಲೈಟ್, ವೈಪರ್, ಬ್ಲೋವರ್, ಹಿಂದಿನ ಗಾಜಿನ ಡಿಫಾಗರ್ ಒಟ್ಟಿಗೆ ಓಡಬೇಕು. ಅಷ್ಟೂ ಕರೆಂಟ್ ಬಾಡಿಯಿಂದ ಎಂಜಿನ್‌ಗೆ ವಾಪಸಾಗುವುದು ಇಂಥ ಒಂದು ಸಣ್ಣ ಪಟ್ಟಿಯ ಮೂಲಕ. ಅದರ ಲಗ್ (ಬೋಲ್ಟ್ ಹಾಕುವ ತುದಿಯ ಲೋಹದ ಬಳೆ) ತುಕ್ಕು ಹಿಡಿದರೆ ಇಂಡಿಕೇಟರ್ ಹಾಕಿದಾಗ ಹೆಡ್‌ಲೈಟ್ ಮಿಣುಕುತ್ತದೆ, ಮೀಟರ್ ಮುಳ್ಳು ಕುಣಿಯುತ್ತದೆ, ಬೆಳಗ್ಗೆ ಸೆಲ್ಫ್ ಎಳೆಯುವುದಿಲ್ಲ.

ಮಡಿಕೇರಿ ದಾರಿಯ ಒಂದು ಗ್ಯಾರೇಜಿನಲ್ಲಿ ಇಷ್ಟು ಕೇಳಿಯೇ ಹೊಸ ಬ್ಯಾಟರಿ, ಹೊಸ ಸೆಲ್ಫ್ ಮೋಟಾರ್ ಎರಡನ್ನೂ ಬರೆದುಕೊಟ್ಟರು. ಕೆಟ್ಟಿದ್ದು ಲಗ್ ಒಂದೇ. ಮೀಟರ್ ಹಿಡಿದು ತೋರಿಸದವರಿಗೆ ಹಣ ಕೊಡಬೇಡಿ.

ಪರೀಕ್ಷೆ ಸುಲಭ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿ, ಜೊತೆಯವರಿಂದ ಸೆಲ್ಫ್ ಹೊಡೆಸಿ. 0.2 ವೋಲ್ಟ್ ಒಳಗಿದ್ದರೆ ಸರಿ, 0.5 ದಾಟಿದರೆ ಅರ್ತ್ ಕೆಟ್ಟಿದೆ. ಓಮ್ ಇಟ್ಟು ನೋಡುವುದು ಮೋಸ: ನಾಲ್ಕೇ ಎಳೆ ಉಳಿದ ವೈರೂ ಸೊನ್ನೆ ತೋರಿಸುತ್ತದೆ. ಸೆಲ್ಫ್ 150 ಆಂಪಿಯರ್ ಎಳೆದಾಗ 0.01 ಓಮ್ ಸಾಕು, 1.5 ವೋಲ್ಟ್ ಅಲ್ಲೇ ಹೋಯಿತು.

ಶುಚಿ ಮಾಡಲು 10 ಮತ್ತು 12 ನಂಬರ್ ಸ್ಪ್ಯಾನರ್, ವೈರ್ ಬ್ರಷ್, 120ರ ಎಮರಿ ಪೇಪರ್, ಒಂದಿಷ್ಟು ವ್ಯಾಸಲಿನ್ ಬೇಕು. ಎಂಜಿನ್ ಆರಿದ ಮೇಲೆ ಮೊದಲು ನೆಗೆಟಿವ್ ಬಿಚ್ಚಿ. ಬ್ಯಾಟರಿಯಿಂದ ಬಾಡಿಗೆ, ಬ್ಯಾಟರಿಯಿಂದ ಗೇರ್‌ಬಾಕ್ಸಿಗೆ, ಎಂಜಿನ್‌ನಿಂದ ಬಾಡಿಗೆ ಹೋಗುವ ವೈರ್‌ಗಳನ್ನು ಹುಡುಕಿ. ಲಗ್ಗಿನ ಎರಡೂ ಮುಖ, ಬೋಲ್ಟ್ ತಲೆಯ ಅಡಿ, ಬಾಡಿಯ ಜಾಗ ಎಲ್ಲ ಹೊಳೆಯುವವರೆಗೆ ಉಜ್ಜಿ. ಡೆಂಟಿಂಗ್ ಆದ ಕಾರಲ್ಲಿ ಪೇಂಟ್ ಮೇಲೆಯೇ ಬೋಲ್ಟ್ ಬಿಗಿದಿರುತ್ತಾರೆ, ಅದನ್ನು ಕೆರೆದು ತೆಗೆಯಲೇಬೇಕು. ಬಿಗಿದ ನಂತರವೇ ವ್ಯಾಸಲಿನ್, ಅದೂ ಮೇಲಿನಿಂದ. ಲಗ್ ಹತ್ತಿರ ವೈರ್ ಒಳಗೆ ಹಸಿರು ಪುಡಿ ಕಂಡರೆ ಉಜ್ಜಿ ಪ್ರಯೋಜನವಿಲ್ಲ, ಪಟ್ಟಿಯನ್ನೇ ಬದಲಿಸಿ. ನೆಗೆಟಿವ್ ಕೊನೆಗೆ ಹಾಕಿ. ಗಡಿಯಾರವನ್ನೂ ಕೆಲವು ಕಾರಲ್ಲಿ ಪವರ್ ವಿಂಡೋವನ್ನೂ ಮತ್ತೆ ಹೊಂದಿಸಬೇಕಾಗುತ್ತದೆ.

ಇದನ್ನೆಲ್ಲ ಊರಲ್ಲೇ ಮುಗಿಸಿಕೊಂಡು ಬಂದರೆ ಸುಂಟಿಕೊಪ್ಪದಲ್ಲಿ ಹೊಟ್ಟೆಗೆ ಸಮಯ ಸಿಗುತ್ತದೆ. ರಸ್ತೆ ಬದಿಯ ಬೋರ್ಡಿಲ್ಲದ ಸಣ್ಣ ಹೋಟೆಲೇ ಒಳ್ಳೆಯದು. ಕಾವಲಿಯಿಂದ ನೇರ ತಟ್ಟೆಗೆ ಬರುವ ಅಕ್ಕಿ ಒತ್ತಿ (ಅಕ್ಕಿ ರೊಟ್ಟಿ), ಮಳೆಗಾಲದ ಕಣಿಲೆ (ಎಳೆ ಬಿದಿರು) ಪಲ್ಯ. ಮಾಂಸ ತಿನ್ನುವವರಿಗೆ ಕಾಚಂಪುಳಿ ಎಂಬ ಕೊಡಗಿನ ಹುಳಿರಸ ಹಿಡಿದ ಪಂದಿ ಕರಿ (ಹಂದಿ ಮಾಂಸದ ಸಾರು), ಜೊತೆಗೆ ಕಡಂಬುಟ್ಟು ಎಂಬ ಅಕ್ಕಿ ತರಿಯ ಉಂಡೆ. ರೆಸಾರ್ಟ್ ಊಟದ ಕಾಲು ಭಾಗದ ಬೆಲೆಗೆ ಅದಕ್ಕಿಂತ ರುಚಿ. ಮಡಿಕೇರಿಯ ರಾಜಾಸೀಟಿಗೆ ಭಾನುವಾರ ಹೋಗಲೇಬೇಡಿ, ಕಾರು ನಿಲ್ಲಿಸಲು ಅಂಗುಲ ಜಾಗವಿರುವುದಿಲ್ಲ.

ಸಂಪಾಜೆ ಘಾಟಿಯಲ್ಲೇ ಕೈಕೊಟ್ಟರೆ ಜಂಪರ್ ಕೇಬಲ್ಲಿನ ಕಪ್ಪು ವೈರನ್ನು ಬ್ಯಾಟರಿ ನೆಗೆಟಿವ್‌ನಿಂದ ಎಂಜಿನ್ ಎತ್ತುವ ಕೊಕ್ಕೆಗೆ ಸಿಕ್ಕಿಸಿ, ಬೆಲ್ಟ್, ಫ್ಯಾನ್‌ಗೆ ತಾಗದ ಹಾಗೆ. ಸೆಲ್ಫ್ ಜೋರಾಗಿ ತಿರುಗಿದರೆ ದೋಷ ಅರ್ತ್‌ನಲ್ಲೇ.