ಚಗಳಿ ಟೈಲರ್

ಮಾವಿನ ಮರದ ಚಗಳಿ ಇರುವೆಗಳ ಫೋಟೊ ಮೊಬೈಲಲ್ಲಿ ಸುಮ್ನೆ ಬಿದ್ದಿತ್ತು. ನಿನ್ನೆ ರಾತ್ರಿ ಹಿನ್ನೆಲೆ ಅಳಿಸಿ, ಒಂದು ಇರುವೆಯ ಮುಂದೆ ಹೊಲಿಗೆ ಮಿಷನ್ ಇಟ್ಟೆ. ಕೊರಳಿಗೆ ಅಳತೆ ಟೇಪು ಹಾಕಿದೆ. ನೆರಳು ಕೂರಿಸೋಕೆ ಜಾಸ್ತಿ ಹೊತ್ತು ಹಿಡಿಯಿತು. ಇರುವೆಗೆ ಬೆಳಕು ಎಡದಿಂದ ಬಿದ್ದಿದ್ದರೆ ಮಿಷನ್ನಿನ ನೆರಳೂ ಬಲಕ್ಕೇ ಬೀಳಬೇಕು ಅಲ್ವಾ?

ಮಗಳು ನೋಡಿ ಬಿದ್ದು ಬಿದ್ದು ನಕ್ಕಳು. "ಅಪ್ಪಾ, ಇರುವೆ ನಿಜವಾಗ್ಲೂ ಹೊಲಿಯುತ್ತಾ?"

ಹೌದು ಪುಟ್ಟಿ ಅಂದೆ. ಕೆಲವು ಇರುವೆಗಳು ಎಲೆಗಳ ಅಂಚನ್ನು ಎಳೆದು ಹಿಡಿಯುತ್ತವೆ. ಇನ್ನು ಕೆಲವು ತಮ್ಮ ಮರಿಹುಳುವನ್ನು ಬಾಯಲ್ಲಿ ಕಚ್ಚಿಕೊಂಡು ಅತ್ತಿತ್ತ ಆಡಿಸುತ್ತವೆ. ಆ ಮರಿಯಿಂದ ಬರುವ ರೇಷ್ಮೆ ಎಳೆಯೇ ದಾರ.

ಬೆಳಿಗ್ಗೆ ಎದ್ದವಳೇ ಮರದ ಕೆಳಗೆ ನಿಂತು ಗೂಡು ನೋಡುತ್ತಿದ್ದಳು. ಈಗ ಏರೋಪ್ಲೇನ್ ಚಿಟ್ಟೆಗೆ ಪೈಲಟ್ ಟೋಪಿ ಬೇಕಂತೆ.