ಮೆಟ್ಟಿಲು ಮೆಟ್ಟಿಲಾಗಿ ಏರುವ ವೋಲ್ಟೇಜ್

ಐಜಿಬಿಟಿ ಎಂಬ ಅರೆವಾಹಕ ಸ್ವಿಚ್ಚೊಂದು ತಡೆದುಕೊಳ್ಳುವುದು ಕೆಲವೇ ಸಾವಿರ ವೋಲ್ಟುಗಳನ್ನು. ಆದರೂ ತಮಿಳುನಾಡಿನ ಪುಗಲೂರಿನಿಂದ ಕೇರಳದ ತ್ರಿಶೂರಿಗೆ ±320 ಕಿಲೋವೋಲ್ಟಿನಲ್ಲಿ 2000 ಮೆಗಾವಾಟ್ ವಿದ್ಯುತ್ತನ್ನು ಒಯ್ಯಬಲ್ಲ ಏಕಮುಖ ಪ್ರವಾಹದ ಮಾರ್ಗವು 2021ರಿಂದ ಇಂಥ ಸ್ವಿಚ್ಚುಗಳನ್ನೇ ನೆಚ್ಚಿಕೊಂಡಿದೆ. ಇದರ ಹಿಂದಿರುವುದು ಏಕಮುಖ ಪ್ರವಾಹವನ್ನು ಪರ್ಯಾಯ ಪ್ರವಾಹವಾಗಿಯೂ, ಪರ್ಯಾಯವನ್ನು ಏಕಮುಖವಾಗಿಯೂ ಬದಲಿಸುವ ಮಾಡ್ಯುಲರ್ ಮಲ್ಟಿಲೆವೆಲ್ ಪರಿವರ್ತಕ. ಅದರ ಸರಳ ರೂಪದಲ್ಲಿ ಪ್ರತಿ ಮಾಡ್ಯೂಲಿಗೂ ವಿದ್ಯುದಾವೇಶವನ್ನು ಕೂಡಿಟ್ಟುಕೊಳ್ಳುವ ಒಂದು ಕೆಪಾಸಿಟರ್ ಮತ್ತು ಎರಡು ಸ್ವಿಚ್ಚುಗಳಿದ್ದು, ಸಾಲಾಗಿ ಜೋಡಿಸಿದ ನೂರಾರು ಮಾಡ್ಯೂಲುಗಳನ್ನು ಒಂದೊಂದಾಗಿ ಸೇರಿಸುತ್ತ, ಬಿಡುತ್ತ ಹೋದಂತೆ ವೋಲ್ಟೇಜು ಸಣ್ಣ ಮೆಟ್ಟಿಲುಗಳಲ್ಲಿ ಏರಿಳಿದು ಪರ್ಯಾಯ ಪ್ರವಾಹದ ನುಣುಪಾದ ಸೈನ್ ಅಲೆಗೆ ತೀರ ಹತ್ತಿರವಾಗುತ್ತದೆ.

ನನ್ನನ್ನು ಹೆಚ್ಚು ಸೆಳೆದಿರುವುದು ಕೆಪಾಸಿಟರುಗಳ ಸಮತೋಲನ. ಪ್ರವಾಹವು ಅವುಗಳನ್ನು ತುಂಬಿಸುವಾಗ ಕಡಿಮೆ ವೋಲ್ಟೇಜಿನವನ್ನೂ, ಬರಿದಾಗಿಸುವಾಗ ಹೆಚ್ಚು ವೋಲ್ಟೇಜಿನವನ್ನೂ ನಿಯಂತ್ರಕವು ಆರಿಸಿಕೊಳ್ಳುತ್ತದೆ. ಪ್ರಯೋಗಾಲಯದ ಪುಟ್ಟ ಮಾದರಿಯಲ್ಲಿ ಈ ಆಯ್ಕೆಯನ್ನು ನಿಲ್ಲಿಸಿದಾಗ, ಆಸಿಲೋಸ್ಕೋಪಿನ ಪರದೆಯ ಮೇಲೆ ಸಮನಾಗಿದ್ದ ಮೆಟ್ಟಿಲುಗಳು ಒಂದೊಂದೂ ಒಂದೊಂದು ಎತ್ತರಕ್ಕೆ ಸರಿದವು.