ಬಾಸ್ಟನ್ನಿನ ದೀರ್ಘ ರಾತ್ರಿಗೆ ಊರವರೇ ಕಟ್ಟಿದ ಹಾಡು

ಡಿಸೆಂಬರ್ 21ರ ಹೊತ್ತಿಗೆ ಬಾಸ್ಟನ್ ನಗರದಲ್ಲಿ ಸಂಜೆ ನಾಲ್ಕೂಕಾಲು ಗಂಟೆಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ಬೆಳಗ್ಗೆ ಏಳು ದಾಟಿದ ಮೇಲೆ ಹುಟ್ಟುವ ಅವನು ಆ ದಿನ ಕೊಡುವುದು ಒಂಬತ್ತು ಗಂಟೆಗಿಂತ ತುಸುವೇ ಹೆಚ್ಚಿನ ಬೆಳಕನ್ನು. ಅದೇ ದಿನ ಬೆಂಗಳೂರಿನಲ್ಲಿ ಹನ್ನೊಂದು ಗಂಟೆಗೂ ಮೀರಿದ ಹಗಲಿರುವುದರಿಂದ, ವರ್ಷದ ಅತಿ ಚಿಕ್ಕ ಹಗಲು ಬಂದುಹೋದದ್ದು ನಮ್ಮ ಕಡೆ ಬಹುಮಂದಿಯ ಗಮನಕ್ಕೇ ಬರುವುದಿಲ್ಲ. 42 ಡಿಗ್ರಿ ಉತ್ತರ ಅಕ್ಷಾಂಶದ ಈ ಊರಿನಲ್ಲಿ ಅದನ್ನು ಗಮನಿಸದೆ ಬದುಕಲಾಗದು. ನವೆಂಬರಿನಿಂದಲೇ ಜನರ ಮಾತು, ನಡಿಗೆ, ಊಟದ ಹೊತ್ತು ಎಲ್ಲವೂ ಕತ್ತಲೆಗೆ ಹೊಂದಿಕೊಳ್ಳತೊಡಗುತ್ತವೆ.

ಆ ದೀರ್ಘ ರಾತ್ರಿಯನ್ನು ಇಲ್ಲಿನ ಅನೇಕರು ಹಾಡು ಕೇಳುತ್ತ ಕಳೆಯುತ್ತಾರೆ. ಇದು ಪುರಾತನ ಕಾಲದಿಂದ ಈ ನೆಲದಲ್ಲಿ ಬೇರೂರಿದ ಆಚರಣೆಯೆಂದು ಭಾವಿಸಬಾರದು. ಇಲ್ಲಿ ಬಂದು ನೆಲೆಸಿದ ಪ್ಯೂರಿಟನ್ ಪಂಥದವರು ಹಬ್ಬದ ಸಡಗರವನ್ನೇ ಅನುಮಾನದಿಂದ ಕಂಡವರು. 1659ರಲ್ಲಿ ಅವರು ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡ ವಿಧಿಸುವ ಕಾನೂನು ಮಾಡಿದರು. ಅದು ರದ್ದಾದದ್ದು 1681ರಲ್ಲಿ, ಆ ದಿನಕ್ಕೆ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ರಜೆ ಸಿಕ್ಕಿದ್ದು 1856ರಲ್ಲಿ. ನದಿಯಾಚೆಯ ಕೇಂಬ್ರಿಜ್‌ನಲ್ಲಿ 1971ರಿಂದ ನಡೆಯುತ್ತಿರುವ ‘ರೆವೆಲ್ಸ್’ ಎಂಬ ಹಾಡು-ಕುಣಿತಗಳ ಚಳಿಗಾಲದ ಉತ್ಸವ, ಊರೂರಿನ ಚಿಕ್ಕ ಸಂಗೀತ ಸಂಜೆಗಳು, ಇವೆಲ್ಲ ನಮ್ಮ ಕಾಲದವರು ತಾವಾಗಿ ಕಟ್ಟಿಕೊಂಡ ಸಂಪ್ರದಾಯಗಳು. ಇದು ತಿಳಿದ ಮೇಲೆ ಇವುಗಳ ಮೇಲಿನ ನನ್ನ ಗೌರವ ಹೆಚ್ಚಿತು.

ಹಾಡು ಕಟ್ಟುವವರಿಗಂತೂ ಈ ಸೀಮೆಯಲ್ಲಿ ಕೊರತೆಯಿಲ್ಲ. ಕೇಂಬ್ರಿಜ್‌ನ ಮೌಂಟ್ ಆಬರ್ನ್ ರಸ್ತೆಯಲ್ಲಿ 1958ರಲ್ಲಿ ಜಾಝ್ ಸಂಗೀತಕ್ಕೆಂದು ಆರಂಭವಾದ ‘ಕ್ಲಬ್ 47’ ಎಂಬ ಪುಟ್ಟ ಜಾಗವು ಬೇಗನೆ ಜನಪದ ಗಾಯಕರ ಮನೆಯಾಯಿತು. ಹದಿಹರೆಯದ ಜೋನ್ ಬಯೇಜ್ ಹಾಡಿ ಹೆಸರಾದದ್ದು ಅಲ್ಲಿ. ಈಗ ಅದು ‘ಪ್ಯಾಸಿಮ್’ ಎಂಬ ಹೆಸರಿನಲ್ಲಿ ಪಾಮರ್ ಬೀದಿಯಲ್ಲಿದೆ. ಅಷ್ಟು ಪ್ರಸಿದ್ಧವಲ್ಲದ, ಚರ್ಚುಗಳ ಸಭಾಂಗಣಗಳಲ್ಲಿ ಸ್ವಯಂಸೇವಕರೇ ನಡೆಸುವ ‘ಕಾಫಿಹೌಸ್’ಗಳು ಸುತ್ತಲಿನ ಊರುಗಳಲ್ಲಿವೆ. ನಾವು ಗೆಳೆಯರ ಕುಟುಂಬದೊಂದಿಗೆ ಹೋದದ್ದು ಅಂಥದೊಂದು ಜಾಗಕ್ಕೆ. ಮದ್ಯವಿಲ್ಲ, ಕಾಫಿ ಮತ್ತು ಮನೆಯಲ್ಲಿ ಮಾಡಿ ತಂದ ಕೇಕುಗಳಿವೆ. ಬಾಗಿಲ ಬಳಿ ಬಡವರಿಗೆ ಹಂಚಲು ದವಸದ ಡಬ್ಬಿಗಳನ್ನು ಒಟ್ಟುಗೂಡಿಸುವ ಪೆಟ್ಟಿಗೆಯಿದೆ.

ವೇದಿಕೆಯ ಮೇಲೆ ನಾಲ್ವರು ಅರ್ಧವೃತ್ತವಾಗಿ ಕುಳಿತಿದ್ದರು. ಒಬ್ಬರು ಹಾಡುವಾಗ ಉಳಿದವರು ಕೇಳುತ್ತಾರೆ, ಮನಸ್ಸು ಬಂದರೆ ಮೆಲ್ಲಗೆ ಮ್ಯಾಂಡೊಲಿನ್ ನುಡಿಸಿಯೋ ದನಿಗೂಡಿಸಿಯೋ ಜೊತೆಯಾಗುತ್ತಾರೆ. ಬಳಿಕ ಸರದಿ ಪಕ್ಕದವರಿಗೆ ಹೋಗುತ್ತದೆ. ಹಿಂದಿನವರ ಹಾಡು ಯಾವ ಭಾವದಲ್ಲಿ ನಿಂತಿತೋ ಅದಕ್ಕೆ ಹೊಂದುವಂಥದನ್ನು ಮುಂದಿನವರು ಆ ಗಳಿಗೆಯಲ್ಲೇ ಆರಿಸಿಕೊಳ್ಳುವುದರಿಂದ ಸಂಜೆಯೆಲ್ಲ ಒಂದು ಸಂಭಾಷಣೆಯ ರೂಪ ಪಡೆಯಿತು. ನಾಲ್ವರಲ್ಲಿ ಯಾರಿಗೂ ಹಾಡೇ ಜೀವನೋಪಾಯವಲ್ಲ. ನಿವೃತ್ತ ದಾದಿಯೊಬ್ಬರು ಆಸ್ಪತ್ರೆಯ ರಾತ್ರಿಪಾಳಿಯನ್ನು ಕುರಿತು ಹಾಡಿದರು. ಊರಿನ ರಸ್ತೆ ಇಲಾಖೆಯಲ್ಲಿ ಕೆಲಸ ಮಾಡುವವರೊಬ್ಬರು, ಮುಂಜಾನೆ ಮೂರಕ್ಕೆ ಎದ್ದು ಹಿಮ ತಳ್ಳುವ ಲಾರಿ ಓಡಿಸುವಾಗ ಯಾವ ಯಾವ ಮನೆಯಲ್ಲಿ ದೀಪ ಉರಿಯುತ್ತಿರುತ್ತದೆ ಎಂಬುದನ್ನೇ ಹಾಡಾಗಿಸಿದ್ದರು. ಗ್ಲಾಸ್ಟರ್ ಬಂದರಿನ ಮೀನುಗಾರರ ಮನೆತನದ ಹೆಂಗಸೊಬ್ಬರು, ಕಾಡ್ ಮೀನು ಕ್ಷೀಣಿಸಿ ತಂದೆಯವರು ದೋಣಿ ಮಾರಬೇಕಾಗಿ ಬಂದ ವರ್ಷವನ್ನು ಹಾಡಿದಾಗ, ನನ್ನ ಮುಂದಿನ ಸಾಲಿನ ಹಿರಿಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆ ದೋಣಿಯನ್ನು ಕಣ್ಣಾರೆ ಕಂಡವರು ಆ ಸಭೆಯಲ್ಲಿದ್ದರು. ಧ್ವನಿಮುದ್ರಿಕೆಯಲ್ಲಿ ಇದೇ ಹಾಡನ್ನು ಎಷ್ಟು ಸಲ ಕೇಳಿದರೂ ಸಿಗಲಾರದ ಬಲ ಅದಕ್ಕೆ ಬಂದದ್ದು ಇದರಿಂದಲೇ ಎಂದು ನಾನು ನಂಬುತ್ತೇನೆ.

ಹಾಡು ಹಾಡಿನ ನಡುವೆ ಮಾತು ಸಾಕಷ್ಟಿತ್ತು, ಅದಕ್ಕೊಂದು ಕಾರಣವೂ ಇತ್ತು. ಹೊರಗಿನ ಕೊರೆಯುವ ಚಳಿಯಿಂದ ಬಿಸಿಮಾಡಿದ ಒಣಗಾಳಿಯ ಕೋಣೆಗೆ ಬಂದ ಗಿಟಾರಿನ ಮರವೂ ತಂತಿಯೂ ಬೇಗ ಶ್ರುತಿ ತಪ್ಪುತ್ತವೆ. ಮರ ಬಿರುಕು ಬಿಡದಿರಲೆಂದು ಚಳಿಗಾಲದಲ್ಲಿ ವಾದ್ಯದ ಪೆಟ್ಟಿಗೆಯೊಳಗೆ ತೇವ ಕಾಯ್ದಿಡುವ ಸಾಧನವನ್ನೂ ಇಡುತ್ತಾರೆ. ಶ್ರುತಿ ಮಾಡಿಕೊಳ್ಳುವಷ್ಟು ಹೊತ್ತು ಹಾಡು ಹುಟ್ಟಿದ ಕಥೆ ಹೇಳುತ್ತಾರೆ. ರಸ್ತೆ ಇಲಾಖೆಯವರು ತಮ್ಮ ಗಿಟಾರನ್ನು ಡಿ, ಎ, ಡಿ, ಜಿ, ಎ, ಡಿ ಎಂಬ ಕ್ರಮದಲ್ಲಿ ಶ್ರುತಿಗೊಳಿಸಿದ್ದರು. 1960ರ ದಶಕದಲ್ಲಿ ಬ್ರಿಟನ್ನಿನ ಗಿಟಾರ್ ವಾದಕ ಡೇವಿ ಗ್ರಹಾಂ ಬಳಕೆಗೆ ತಂದ ಈ ಕ್ರಮವು ನಮ್ಮ ಲೆಕ್ಕದಲ್ಲಿ ಸ, ಪ, ಸ, ಮ, ಪ, ಸ ಆಗುತ್ತದೆ. ಗಾಂಧಾರವಿಲ್ಲದ ಈ ಶ್ರುತಿಯಲ್ಲಿ ಬಿಟ್ಟ ತಂತಿಗಳನ್ನು ಮೀಟಿದೊಡನೆ ತಂಬೂರಿಯ ನಾದವೇ ಕಿವಿದುಂಬಿದಂತಾಗಿ, ಪಕ್ಕದಲ್ಲಿದ್ದ ನನ್ನ ಹೆಂಡತಿ ಅರಿವಿಲ್ಲದೆ ಷಡ್ಜ ಹಿಡಿದಳು. ಪಲ್ಲವಿಗೆ ಸಭೆಯವರೆಲ್ಲ ದನಿಗೂಡಿಸಿದರು. ಯಾರೂ ಹೇಳಿಕೊಡದೆಯೇ ಕೆಲವರು ಮೇಲಿನ ಸ್ವರದಲ್ಲಿ, ಕೆಲವರು ಕೆಳಗಿನ ಸ್ವರದಲ್ಲಿ ಹಾಡುತ್ತ ಮೂರು ಎಳೆಗಳಾಗಿ ಬೇರ್ಪಟ್ಟ ಬಗೆ, ಒಂದೇ ಧಾಟಿಯಲ್ಲಿ ಒಟ್ಟಾಗಿ ಹಾಡಿ ಬೆಳೆದ ನಮಗೆ ಅಚ್ಚರಿ ತಂದಿತು.

ವಿರಾಮದಲ್ಲಿ ಕಾಫಿ ಕೊಡುತ್ತಿದ್ದ ಹಿರಿಯರೊಬ್ಬರು ನಿಮ್ಮಲ್ಲಿ ಈ ರಾತ್ರಿಗೆ ಏನು ಮಾಡುತ್ತೀರಿ ಎಂದು ಕೇಳಿದರು. ಧನುರ್ಮಾಸದ ಮುಂಜಾನೆಯ ಪೂಜೆಯನ್ನೂ ಹುಗ್ಗಿಯ ನೈವೇದ್ಯವನ್ನೂ ವಿವರಿಸಿದೆ. ಸೂರ್ಯ ಉತ್ತರಕ್ಕೆ ತಿರುಗುವುದು ಈ ರಾತ್ರಿಯಿಂದಲೇ ಆದರೂ, ಭೂಮಿಯ ಅಕ್ಷದ ನಿಧಾನವಾದ ಚಲನೆಯಿಂದಾಗಿ ನಕ್ಷತ್ರಗಳನ್ನು ಅನುಸರಿಸುವ ನಮ್ಮ ಸಂಕ್ರಾಂತಿ ಜನವರಿ ನಡುವಿಗೆ ಸರಿದಿದೆ ಎಂದೂ ಹೇಳಿದೆ. ಅವರು ಬಹಳ ಆಸಕ್ತಿಯಿಂದ ಕೇಳಿ, ಆ ಹಬ್ಬಕ್ಕೆ ನಿಮ್ಮ ಊರಿನವರು ಯಾವ ಹಾಡು ಕಟ್ಟಿದ್ದಾರೆ ಎಂದರು.

ನಮ್ಮ ಸುಗಮ ಸಂಗೀತದಲ್ಲಿ ಕವಿ, ರಾಗಸಂಯೋಜಕ, ಗಾಯಕ ಮೂವರೂ ಹೆಚ್ಚಾಗಿ ಬೇರೆ ಬೇರೆಯವರು; ಆ ಪದ್ಧತಿಯಿಂದ ನಮಗೆ ದೊರೆತ ಸಂಪತ್ತು ದೊಡ್ಡದು. ಆದರೆ ತಾವೇ ಪದ ಕಟ್ಟಿ, ಅಂಕಿತವಿಟ್ಟು, ತಂಬೂರಿ ಮೀಟುತ್ತ ಬೀದಿಯಲ್ಲಿ ಹಾಡಿದ ದಾಸರೂ ತತ್ತ್ವಪದಕಾರರೂ ನಮ್ಮವರೇ. ಹೊರನಾಡಿನ ನಮ್ಮ ಕೂಟಗಳಲ್ಲಿ ಮಲೆನಾಡಿನ ಮಳೆಯ ಹಾಡುಗಳನ್ನು ಪ್ರೀತಿಯಿಂದ ಹಾಡುತ್ತೇವೆ, ಅವನ್ನು ಬಿಡಬೇಕಾಗಿಯೂ ಇಲ್ಲ. ಈ ಹಿಮದ ಬಗ್ಗೆ, ಇಲ್ಲಿ ಹುಟ್ಟಿ ಕನ್ನಡವನ್ನು ಅರ್ಧ ಆಡುವ ಮಕ್ಕಳ ಬಗ್ಗೆ, ಊರಿನಿಂದ ಬಂದು ಚಳಿಗೆ ಮನೆಯೊಳಗೇ ಉಳಿಯುವ ತಂದೆತಾಯಿಯರ ಬಗ್ಗೆ ಒಂದು ಕನ್ನಡ ಹಾಡನ್ನು ಮಾತ್ರ ನಾನು ನಮ್ಮ ಕೂಟದಲ್ಲಿ ಕೇಳಿಲ್ಲ. ಇದನ್ನು ಬರೆಯಲು ಪ್ರಸಿದ್ಧ ಕವಿಯೇ ಬೇಕಿಲ್ಲ, ಹಿಮ ತಳ್ಳುವ ಲಾರಿಯ ಚಾಲಕರು ಬರೆದಿದ್ದಾರಲ್ಲ!

ಮರಳುವಾಗ ಕಾರಿನಲ್ಲಿ ಈ ಮಾತೇ ನಡೆಯಿತು. ಸಂಕ್ರಾಂತಿ ಕಾರ್ಯಕ್ರಮದಲ್ಲಿ ಇಲ್ಲಿಯವರೇ ಬರೆದ ಹಾಡುಗಳಿಗೆ ಅರ್ಧ ಗಂಟೆ ಮೀಸಲಿಡಬೇಕೆಂದು ಕೂಟದ ಸಮಿತಿಯನ್ನು ಕೇಳಿದ್ದೇವೆ, ಅವರು ಒಪ್ಪಿದ್ದಾರೆ. ಗೆಳೆಯರ ತಾಯಿ, ಹಾಸನದ ಕಡೆಯವರು, ಸೋಬಾನೆಯ ಧಾಟಿಯಲ್ಲಿ ಹಿಮದ ಮೇಲೆ ನಾಲ್ಕು ಸಾಲು ಆಗಲೇ ಕಟ್ಟಿದ್ದಾರೆ. ಮೊಮ್ಮಗಳು ಅದನ್ನು ಫೋನಿನಲ್ಲಿ ಮುದ್ರಿಸಿಕೊಂಡು ಗಿಟಾರಿಗೆ ಶ್ರುತಿ ಹುಡುಕುತ್ತಿದ್ದಾಳೆ.